ಬ್ರಷ್ ಮಾರೋನ ಬಾಕಿ

ಸಿಂಗಾಪುರಕ್ಕೆ ಹೋದ ಮೊದಲ್ನೇ ವರ್ಷ, ಆಗಸ್ಟ್ ತಿಂಗಳು. ಆಫೀಸ್ ಮುಗಿಸ್ಕೊಂಡು ರಾತ್ರಿ ಎಂಟೂವರೆ ಹೊತ್ತಿಗೆ ತೋಪಾಯೋದಲ್ಲಿ ನಮ್ಮ ಬ್ಲಾಕ್ ಹತ್ರ ಬರ್ತಿದ್ದೆ, ಕೈಯಲ್ಲಿ ಫೋನು, ಕಣ್ಣೂ ಫೋನಲ್ಲೇ, ಕಾಲ್ದಾರಿ ಪಕ್ಕ ಹುಲ್ಲಿನ ಅಂಚಲ್ಲಿ ಯಾರೋ ಪೇಪರ್ ಪ್ಲೇಟಲ್ಲಿ ಅನ್ನ, ಎರಡು ಕಿತ್ತಳೆಹಣ್ಣು, ಒಂದ್ಹಿಡಿ ಕಡ್ಲೆಕಾಯಿ ಇಟ್ಟು ಊದಿನಕಡ್ಡಿ ಸಿಕ್ಕಿಸಿದ್ದು ನಂಗೆ ಕಾಣ್ಲೇ ಇಲ್ಲ, ಶೂ ತುದಿ ಕಿತ್ತಳೆಗೆ ತಾಗೋಕೂ ಹಿಂದಿಂದ ಯಾರೋ ಜೋರಾಗಿ ಕೂಗೋಕೂ ಸರಿಹೋಯ್ತು. ಎರಡನೇ ಮಹಡಿ ಆಂಟಿ. ಎಪ್ಪತ್ತರ ಹತ್ರ ವಯಸ್ಸು, ಹೂವಿನ ಪ್ರಿಂಟ್ ಇರೋ ಪ್ಯಾಂಟು ಶರ್ಟು, ಕೈಲೊಂದು ಕಬ್ಬಿಣದ ಕಡ್ಡಿ. ಸುತ್ಕೊಂಡು ಹೋಗು, ಅವ್ರು ಊಟ ಮಾಡ್ತಿದಾರೆ ಅಂದ್ರು. ಯಾರು ಅಂತ ಸುತ್ತ ನೋಡಿದೆ. ಯಾರೂ ಇರ್ಲಿಲ್ಲ. "ಗುಡ್ ಬ್ರದರ್ಸ್" ಅಂತ ಹೇಳಿ ಆಂಟಿ ಮತ್ತೆ ಪಕ್ಕದಲ್ಲಿದ್ದ ಕೆಂಪು ಡ್ರಮ್ಮಿನ ಕಡೆ ತಿರುಗಿ ಕಾಗದ ಸುಡೋದು ಮುಂದುವರ್ಸಿದ್ರು.

ಮಾರನೇ ದಿನ ನಮ್ಮ ಟೀಮಲ್ಲಿದ್ದ ಮಲೇಷ್ಯಾ ಕಡೆ ಹುಡುಗನ್ನ ಕೇಳ್ದಾಗ ಗೊತ್ತಾಯ್ತು, ಅದು ಚೀನೀ ಪಂಚಾಂಗದ ಏಳನೇ ತಿಂಗಳು, ದೆವ್ವಗಳ ತಿಂಗಳು, ಆ ಲೋಕದ ಬಾಗ್ಲು ತೆಗೀತಾರೆ, ಸತ್ತವರೆಲ್ಲ ಒಂದು ತಿಂಗಳು ರಜಾ ಮೇಲೆ ಇಲ್ಲಿಗೆ ಬರ್ತಾರೆ. ಅವ್ರನ್ನ ದೆವ್ವ ಅಂತ ಕರೀಬಾರ್ದು, ಬೇಜಾರಾಗುತ್ತೆ, ಅದಕ್ಕೆ ಹೊಕ್ಕಿಯೆನ್ ಮಾತಾಡೋ ಜನ "ಒಳ್ಳೆ ಅಣ್ತಮ್ಮಂದ್ರು" ಅಂತಾರೆ. ಬೀದೀಲಿ ಗೇತಾಯ್ ಅಂತ ಹಾಡು ಕುಣಿತದ ಸ್ಟೇಜ್ ಹಾಕ್ತಾರೆ, ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ಥರಾನೇ ಜಗಮಗ ಡ್ರೆಸ್ಸು, ಕಿವಿ ಹರಿಯೋ ಸೌಂಡು, ಆದ್ರೆ ಮೊದಲ್ನೇ ಸಾಲಿನ ಕುರ್ಚಿ ಪೂರ್ತಿ ಖಾಲಿ. ನಾನು ಒಂದ್ಸಲ ಗೊತ್ತಿಲ್ದೆ ಕೂರೋಕೆ ಹೋಗಿದ್ದೆ, ಪಕ್ಕದೋರು ತೋಳು ಹಿಡಿದು ಎಳೆದ್ರು. ಅದು ಅಣ್ತಮ್ಮಂದ್ರ ಸಾಲು.

ಅಲ್ಲಿವರ್ಗೂ ದೆವ್ವದ ಕಥೆ ಅಂದ್ರೆ ನಂಗೆ ನಮ್ಮ ಮೋಹಿನಿ, ಹಿಂದ್ಮುಂದಾದ ಪಾದ, ಗೋಡೆ ಮೇಲೆ "ನಾಳೆ ಬಾ", ಆಮೇಲೆ ಇಂಗ್ಲಿಷ್ ಪಿಚ್ಚರ್‌ಗಳಲ್ಲಿ ಪಾದ್ರಿ ಶಿಲುಬೆ ಹಿಡ್ಕೊಂಡು ಸೈತಾನನ್ನ ಬಿಡಿಸೋದು, ಇಷ್ಟೇ. ಇಂಗ್ಲಿಷ್ ಪಿಚ್ಚರಲ್ಲಿ ಬರೋ ಕೆಟ್ಟದ್ದು ಹೊರಗಿಂದ ಬಂದಿರುತ್ತೆ, ಅದಕ್ಕೂ ನಮಗೂ ಸಂಬಂಧ ಇಲ್ಲ, ಓಡಿಸಿದ್ರೆ ಮುಗೀತು. ಚೀನಾದವರ ದೆವ್ವಕ್ಕೆ ಊಟ ಬೇಕು, ಕುರ್ಚಿ ಬೇಕು, ಖರ್ಚಿಗೆ ದುಡ್ಡು ಬೇಕು, ಮರ್ಯಾದೆ ಬೇಕು. ಮನೆಗೆ ಬಂದ ನೆಂಟ್ರಿಗಿಂತ ಏನು ಕಮ್ಮಿ? ಆ ವರ್ಷದಿಂದ ಅನುವಾದದಲ್ಲಿ ಸಿಕ್ಕಿದ್ದನ್ನೆಲ್ಲ ಓದ್ತಾ ಬಂದೆ, ಚೈನೀಸ್ ನಂಗೆ ಊಟ ಆರ್ಡರ್ ಮಾಡೋಷ್ಟೇ ಬರೋದು, ಅದನ್ನ ಮೊದ್ಲೇ ಹೇಳಿಬಿಡ್ತೀನಿ.

ಅವರ ಭಾಷೇಲಿ ದೆವ್ವಕ್ಕೆ ಗ್ವೇ ಅಂತಾರೆ. "ವಾಪಸ್ ಹೋಗೋದು" ಅನ್ನೋ ಪದಾನೂ ಹೆಚ್ಚುಕಮ್ಮಿ ಅದೇ ಸದ್ದು, ಸ್ವರದ ಏರಿಳಿತ ಮಾತ್ರ ಬೇರೆ, ಹಾಗಾಗಿ ಹಳೇ ನಿಘಂಟುಗಳಲ್ಲೇ ಈ ಎರಡನ್ನೂ ಗಂಟು ಹಾಕಿ ಮನುಷ್ಯ ಕೊನೆಗೆ ವಾಪಸ್ ಹೋಗಿ ಏನಾಗ್ತಾನೋ ಅದೇ ದೆವ್ವ ಅಂತ ಅರ್ಥ ಕೊಟ್ಟಿದಾರೆ. ವಾಪಸ್ ಹೋಗೋಕೆ ಜಾಗ ಇಲ್ದಿದ್ರೆ? ಅಲ್ಲಿಂದ ಶುರು ತೊಂದ್ರೆ.

ಇದಕ್ಕೆ ಸಾಕ್ಷಿ ಕಥೆ ತುಂಬ ಹಳೇದು, ಝುವೊ ಝುವಾನ್ ಅನ್ನೋ ಇತಿಹಾಸದ ಗ್ರಂಥದಲ್ಲಿ ಕ್ರಿ.ಪೂ. 535ರ ಕೆಳಗೆ ಬರುತ್ತೆ. ಝೆಂಗ್ ಅನ್ನೋ ಸಣ್ಣ ರಾಜ್ಯ, ಅಲ್ಲಿ ಬೋ ಯೌ ಅನ್ನೋ ದೊಡ್ಡ ಮನುಷ್ಯನನ್ನ ಕೆಲವು ವರ್ಷದ ಹಿಂದೆ ಅಧಿಕಾರದ ಜಗಳದಲ್ಲಿ ಕೊಂದಿರ್ತಾರೆ. ಅವನು ಯುದ್ಧದ ಕವಚ ಹಾಕ್ಕೊಂಡು ಒಬ್ಬನ ಕನಸಲ್ಲಿ ಬಂದು ಇಂಥ ದಿನ ಇಂಥವನನ್ನ ಸಾಯಿಸ್ತೀನಿ, ಮುಂದಿನ ವರ್ಷ ಇಂಥ ದಿನ ಇನ್ನೊಬ್ಬನನ್ನ ಅಂತ ಡೇಟ್ ಕೊಟ್ಟು ಹೋಗ್ತಾನೆ, ಆ ಡೇಟಿಗೇ ಅವರಿಬ್ರೂ ಸಾಯ್ತಾರೆ. ಊರಲ್ಲಿ ಯಾರಾದ್ರೂ "ಬೋ ಯೌ ಬಂದ" ಅಂದ್ರೆ ಸಾಕು ಜನ ಎಲ್ಲಿಗೆ ಅಂತ ಗೊತ್ತಿಲ್ದೆ ಓಡ್ತಿದ್ರಂತೆ. ಆಗ ಮಂತ್ರಿ ಜಿಚಾನ್ ಏನು ಮಾಡ್ದ? ಮಾಂತ್ರಿಕನ್ನ ಕರೆಸ್ಲಿಲ್ಲ. ಬೋ ಯೌ ಮಗನಿಗೆ ಅಪ್ಪನ ಸ್ಥಾನ ವಾಪಸ್ ಕೊಟ್ಟ. ದೆವ್ವ ನಿಂತುಹೋಯ್ತು. ಯಾಕೆ ಅಂತ ಕೇಳಿದವನಿಗೆ, ದೆವ್ವಕ್ಕೆ ಹೋಗೋಕೊಂದು ಮನೆ ಅಂತ ಇದ್ರೆ ಅದು ಕಾಟ ಕೊಡಲ್ಲ, ನಾನು ಅದಕ್ಕೆ ಮನೆ ಮಾಡ್ಕೊಟ್ಟೆ ಅಂದ. ಮಗನಿಗೆ ಸ್ಥಾನ ಸಿಕ್ರೆ ಅಪ್ಪನಿಗೆ ಪೂಜೆ, ಎಡೆ ನಡೆಯುತ್ತಲ್ಲ, ಅದು ಲೆಕ್ಕ. ಇದರಲ್ಲಿ ನಂಗೆ ಭಾರಿ ಇಷ್ಟ ಆದದ್ದು ಇನ್ನೊಂದು ವಿಷಯ, ಜಿಚಾನ್ ಅದೇ ಹೊತ್ತಲ್ಲಿ ಹಿಂದೆ ಕೊಲೆಯಾಗಿದ್ದ ಬೇರೊಬ್ಬನ ಮಗನಿಗೂ ಸ್ಥಾನ ಕೊಟ್ಟ, ಬರೀ ದೆವ್ವಕ್ಕೆ ಹೆದರಿ ಪೋಸ್ಟಿಂಗ್ ಕೊಟ್ರು ಅಂತ ಜನ ಆಡ್ಕೋಬಾರ್ದು ಅಂತ. ಎರಡೂವರೆ ಸಾವಿರ ವರ್ಷದ ಹಿಂದಿನ ಪಕ್ಕಾ ಪೊಲಿಟಿಷಿಯನ್.

ಕನ್ಫ್ಯೂಷಿಯಸ್ ಮಾತ್ರ ಈ ವಿಷಯಕ್ಕೆ ಕೈ ಹಾಕ್ಲಿಲ್ಲ. ಗುರುಗಳು ವಿಚಿತ್ರಗಳ ಬಗ್ಗೆ, ತೋಳ್ಬಲದ ಬಗ್ಗೆ, ದಂಗೆಗಳ ಬಗ್ಗೆ, ದೈವಗಳ ಬಗ್ಗೆ ಮಾತಾಡ್ತಿರಲಿಲ್ಲ ಅಂತ ಶಿಷ್ಯರು ಬರೆದಿಟ್ಟಿದಾರೆ. ಅದರ ಪರಿಣಾಮ ಏನಾಯ್ತು ಅಂದ್ರೆ ಓದಿದವರು ದೆವ್ವದ ಕಥೆ ಬರೆಯೋವಾಗೆಲ್ಲ ಒಂಥರಾ ಮುಜುಗರ, ಇದು ಕಥೆ ಅಲ್ಲ, ಕೇಳಿದ್ದನ್ನ ದಾಖಲೆ ಮಾಡ್ತಿದೀನಿ ಅನ್ನೋ ನೆಪ. ನಾಲ್ಕನೇ ಶತಮಾನದಲ್ಲಿ ಗಾನ್ ಬಾವ್ ಅಂತ ಒಬ್ಬ, ರಾಜನ ಆಸ್ಥಾನದ ಇತಿಹಾಸಕಾರ, ಅವನೇ ಕೂತು ಸೌ ಶೆನ್ ಜಿ ಅಂತ ದೈವ ದೆವ್ವಗಳ ಸಂಗ್ರಹ ಮಾಡ್ದ. ಹಾಗಾಗಿ ಚೀನಾದ ಹಳೇ ದೆವ್ವದ ಕಥೆಗಳು ಪೊಲೀಸ್ ಎಫ್‌ಐಆರ್ ಥರ ಇರ್ತವೆ, ಇಂಥ ಊರು, ಇಂಥವನ ಮಗ, ಇಂಥ ವರ್ಷ, ಇಷ್ಟು ಹೊತ್ತಿಗೆ, ಇಂಥದ್ದು ಕಂಡಿತು, ಮುಗೀತು. ಗಾಳಿ ಬೀಸ್ತು, ನಾಯಿ ಊಳಿಡ್ತು, ಆ ಥರ ಬಿಲ್ಡಪ್ ಏನೂ ಇಲ್ಲ. ಮೊದ್ಲು ಸಪ್ಪೆ ಅನ್ಸುತ್ತೆ, ನಾಲ್ಕು ಕಥೆ ಆದ್ಮೇಲೆ ಆ ಒಣ ಧ್ವನಿಯೇ ಹೆಗಲ ಮೇಲೆ ಕೂತ್ಕೊಳ್ಳುತ್ತೆ.

ಆ ಸಂಗ್ರಹದಲ್ಲೊಂದು ಸುಂಗ್ ಡಿಂಗ್‌ಬೋ ಕಥೆ, ಇದು ಹೆದರಿಸೋದಲ್ಲ, ನಗಿಸೋದು. ಹುಡುಗ ರಾತ್ರಿ ದಾರೀಲಿ ಹೋಗ್ತಿರ್ತಾನೆ, ದೆವ್ವ ಸಿಗುತ್ತೆ. ಯಾರು ನೀನು ಅಂದ್ರೆ ದೆವ್ವ ಅನ್ನುತ್ತೆ, ನೀನ್ಯಾರು ಅಂದ್ರೆ ಇವನೂ "ನಾನೂ ದೆವ್ವಾನೇ" ಅಂತಾನೆ. ಇಬ್ರಿಗೂ ಒಂದೇ ಸಂತೆಗೆ ಹೋಗ್ಬೇಕು, ಸರದಿ ಮೇಲೆ ಒಬ್ರನ್ನೊಬ್ರು ಹೊತ್ಕೊಂಡು ಹೋಗೋಣ ಅಂತ ಒಪ್ಪಂದ ಆಗುತ್ತೆ. ದೆವ್ವ ಇವನನ್ನ ಹೊತ್ತು ಏನಪ್ಪಾ ಇಷ್ಟು ಭಾರ ಅನ್ನುತ್ತೆ, ಇವನು ಹೊಸದಾಗಿ ಸತ್ತಿದೀನಿ ಅದಕ್ಕೆ ಅಂತಾನೆ. ಹೊಳೆ ದಾಟೋವಾಗ ದೆವ್ವ ಸದ್ದೇ ಇಲ್ದೆ ದಾಟುತ್ತೆ, ಇವನು ಬಳಬಳ ಸದ್ದು ಮಾಡ್ತಾನೆ, ಮತ್ತೆ ಅದೇ ಉತ್ತರ, ಹೊಸಬ, ಅಭ್ಯಾಸ ಇಲ್ಲ. ಹಂಗೇ ಮಾತಿಗೆ ಮಾತು ಬೆಳೆಸಿ, ನಾನು ಹೊಸಬ ನೋಡು, ನಮ್ಮವರು ಏನಕ್ಕೆ ಹೆದರ್ತಾರೆ ಅಂತ ಗೊತ್ತಿಲ್ಲ ಅಂತಾನೆ. ಮನುಷ್ಯರ ಎಂಜಲು ಅಂತ ಆ ಪಾಪದ ದೆವ್ವ ಹೇಳಿಬಿಡುತ್ತೆ. ಸಂತೆ ಹತ್ರ ಬಂತು, ಇವನು ಅದನ್ನ ಹೆಗಲ ಮೇಲಿಂದ ಇಳಿಸದೆ ಗಟ್ಟಿಯಾಗಿ ಹಿಡ್ಕೊಂಡ, ಅದು ಕಿರುಚ್ತು, ನೆಲಕ್ಕೆ ಹಾಕಿದ, ಕುರಿಯಾಯ್ತು. ಮತ್ತೆ ರೂಪ ಬದಲಾಗದಿರಲಿ ಅಂತ ಅದರ ಮೇಲೆ ಉಗಿದ, ಸಾವಿರದ ಐನೂರು ಕಾಸಿಗೆ ಮಾರಿ ಮನೆಗೆ ಹೋದ. ಇಷ್ಟೇ ಕಥೆ. ಆ ದೆವ್ವ ಅವನಿಗೆ ಮಾಡಿದ್ದೇನು ಹೇಳಿ? ಹೊತ್ಕೊಂಡು ಹೋಗಿದ್ದು ಬಿಟ್ರೆ ಏನಿಲ್ಲ. ಮೂರ್ನಾಲ್ಕು ಸಲ ಓದಿದ್ಮೇಲೆ ನಂಗೆ ಆ ಕುರಿ ಬಗ್ಗೇನೇ ಯೋಚ್ನೆ ಬರೋದು, ಕೊಂಡ್ಕೊಂಡವರು ಅದನ್ನ ಏನು ಮಾಡಿರಬಹುದು ಅಂತ.

ಭಾರತದಿಂದ ಬೌದ್ಧ ಧರ್ಮ ಚೀನಾಕ್ಕೆ ಹೋದ್ಮೇಲೆ ಸತ್ತವರ ಲೋಕಕ್ಕೆ ಒಂದು ಅಡ್ರೆಸ್ ಸಿಕ್ತು. ನಮ್ಮ ಯಮರಾಜ ಅಲ್ಲಿ ಯೆನ್‌ಲುವೋ ಆದ, ಪ್ರೇತಗಳು ಸೂಜಿಯಷ್ಟು ಸಣ್ಣ ಗಂಟಲಿನ ಹಸಿದ ದೆವ್ವಗಳಾದ್ವು, ಬುದ್ಧನ ಶಿಷ್ಯ ಮೌದ್ಗಲ್ಯಾಯನ ನರಕದಿಂದ ತಾಯೀನ ಬಿಡಿಸ್ಕೊಂಡು ಬರೋ ಮುಲಿಯನ್ ಆದ, ಏಳನೇ ತಿಂಗಳ ಹುಣ್ಣಿಮೆ ಊಟದ ಹಿಂದಿರೋದು ಅವನದೇ ಕಥೆ. ಆದ್ರೆ ಅವರು ಯಮನನ್ನ ತಗೊಂಡು ತಮ್ಮ ಸರ್ಕಾರದ ಒಳಗೆ ಕೂರಿಸಿದ್ರು. ನಮ್ಮಲ್ಲೂ ಚಿತ್ರಗುಪ್ತ ಇದಾನೆ ಸರಿ, ಒಬ್ಬನೇ ಗುಮಾಸ್ತ, ಒಂದು ಪುಸ್ತಕ. ಅಲ್ಲಿ ಹತ್ತು ಕೋರ್ಟು, ಹತ್ತು ರಾಜರು, ಯೆನ್‌ಲುವೋ ಅದ್ರಲ್ಲಿ ಒಬ್ಬ ಅಷ್ಟೇ, ಊರಿಗೊಬ್ಬ ನಗರದೇವತೆ ಅಂದ್ರೆ ತಹಸೀಲ್ದಾರ್ ಲೆವೆಲ್ಲು, ಅದರ ಮೇಲೆ ಜಿಲ್ಲೆ, ಅಮಲ್ದಾರರು, ಜವಾನರು, ವಾರೆಂಟು, ಸೀಲು. ಆಫೀಸ್ ಇದ್ದ ಕಡೆ ಇನ್ನೊಂದು ಇರ್ಲೇಬೇಕಲ್ಲ. ಲಂಚ.

ಲಂಚದ ಬಗ್ಗೆ ಬರೆದವನು ಪು ಸುಂಗ್‌ಲಿಂಗ್, 1640ರಲ್ಲಿ ಶಾನ್‌ಡಾಂಗ್‌ನ ಜಿಚುವಾನ್‌ನಲ್ಲಿ ಹುಟ್ಟಿದವನು. ಹತ್ತೊಂಬತ್ತಕ್ಕೇ ಕೆಳಗಿನ ಪರೀಕ್ಷೆಗಳಲ್ಲಿ ಫಸ್ಟ್ ಬಂದ, ಊರೆಲ್ಲ ಹೊಗಳಿತು, ಆಮೇಲೆ ಪ್ರಾಂತ್ಯದ ಪರೀಕ್ಷೆ ಜೀವಮಾನ ಪೂರ್ತಿ ಪಾಸಾಗ್ಲಿಲ್ಲ, ಒಬ್ಬ ಸಾಹುಕಾರರ ಮನೇಲಿ ಮಕ್ಕಳಿಗೆ ಪಾಠ ಹೇಳ್ಕೊಂಡು ವಯಸ್ಸು ಕಳೆದ. ನಮ್ಮಲ್ಲಿ ಕೆಎಎಸ್ ಹತ್ತು ಸಲ ಬರೆದು ಧಾರವಾಡದ ರೂಮಲ್ಲೇ ಉಳಿದವರನ್ನ ಕಂಡವ್ರಿಗೆ ಅವನ ಮುಖ ಹೇಗಿತ್ತು ಅಂತ ನಾನು ಹೇಳ್ಬೇಕಾಗಿಲ್ಲ. ರಾತ್ರಿ ಕೂತು ಸುಮಾರು ಐನೂರು ಕಥೆ ಬರೆದ, ಆ ಸಂಗ್ರಹದ ಹೆಸರು ಲಿಯಾವ್‌ಝಾಯ್ ಝಿಯಿ. ಪ್ರಿಂಟ್ ಆಗಿದ್ದು 1766ರಲ್ಲಿ, ಅವನು ಸತ್ತು ಐವತ್ತೊಂದು ವರ್ಷ ಆದ್ಮೇಲೆ. ಅದ್ರಲ್ಲಿ ಷಿ ಫಾಂಗ್‌ಪಿಂಗ್ ಅನ್ನೋ ಹುಡುಗನ ಕಥೆ ಇದೆ, ಅವನಪ್ಪನ ಮೇಲೆ ಹಗೆ ಇದ್ದ ಒಬ್ಬ ಸಾಹುಕಾರ ಮೊದಲೇ ಸತ್ತು ಯಮಲೋಕದ ಪೇದೆಗಳಿಗೆ ದುಡ್ಡು ತಿನ್ನಿಸಿ ಅಪ್ಪನನ್ನ ಅಲ್ಲಿ ಹೊಡೆಸ್ತಾನೆ. ಮಗ ಕೇಸ್ ಹಾಕೋಕೆ ಬದುಕಿದ್ದಾಗಲೇ ಮೈ ಇಲ್ಲಿ ಬಿಟ್ಟು ಆತ್ಮವಾಗಿ ಕೆಳಗೆ ಹೋಗ್ತಾನೆ. ನಗರದೇವತೆ ಹತ್ರ ಹೋದ, ಸಾಕ್ಷಿ ಇಲ್ಲ ಅಂದ್ರು. ಜಿಲ್ಲೆಗೆ ಹೋದ, ಹೊಡೆದು ಕಳ್ಸಿದ್ರು. ಯಮನ ಹತ್ರ ಹೋದ, ಯಮನಿಗೂ ಮುಟ್ಟಿತ್ತು. ಬೆಂಕಿ ಮಂಚದ ಮೇಲೆ ಮಲಗಿಸಿದ್ರು, ಇನ್ನೂ ಕೇಸ್ ಹಾಕ್ತೀಯಾ? ಹಾಕ್ತೀನಿ. ಹಲಗೆಗೆ ಕಟ್ಟಿ ತಲೆಯಿಂದ ಗರಗಸ ಇಟ್ರು. ಗರಗಸ ಎಳೀತಿದ್ದ ಪಿಶಾಚಿಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳ್ತಾನೆ, ಇವನು ಅಪ್ಪನಿಗೋಸ್ಕರ ಬಂದಿರೋನು, ತಪ್ಪಿಲ್ಲ, ಸ್ವಲ್ಪ ಪಕ್ಕಕ್ಕೆ ತಗೋ, ಹೃದಯಕ್ಕೆ ತಾಗದೇ ಇರ್ಲಿ. ಆಮೇಲೆ ಗರಗಸ ಸೊಟ್ಟಗೆ ಇಳೀತಿರೋದು ಹುಡುಗನಿಗೆ ಗೊತ್ತಾಗುತ್ತೆ, ನೋವು ಡಬಲ್.

ಕೆಳಗಿನ ನೌಕರನ ಕರುಣೆ ಅಂದ್ರೆ ಇಷ್ಟೇ, ಆರ್ಡರ್ ಮೀರೋಕಾಗಲ್ಲ, ಗರಗಸ ಸೊಟ್ಟ ಹಿಡೀಬಹುದು. ಯಾವುದೋ ಆಫೀಸಲ್ಲಿ ಒಂದು ಸರ್ಟಿಫಿಕೇಟಿಗೆ ಎರಡು ತಿಂಗಳು ಅಲೆದಾಗ ಕೊನೇ ಟೇಬಲ್ಲಿನ ಒಬ್ರು ದನಿ ತಗ್ಗಿಸಿ ಮಂಗಳವಾರ ಬನ್ನಿ, ಸಾಹೇಬ್ರು ಇರಲ್ಲ ಅಂದಿದ್ದು ನೆನಪಾಗಿ ನಗು ಬಂತು ನಂಗೆ.

ಪು ಸುಂಗ್‌ಲಿಂಗ್ ಪುಸ್ತಕದಲ್ಲಿ ಎಲ್ರೂ ಹೇಳೋ ಕಥೆ "ಬಣ್ಣ ಬರೆದ ಚರ್ಮ". ವಾಂಗ್ ಅನ್ನೋನು ಬೆಳಗಿನ ಜಾವ ದಾರೀಲಿ ಸಿಕ್ಕ ಚೆಂದದ ಹುಡುಗೀನ ಮನೆಗೆ ತಂದು ಓದೋ ಕೋಣೇಲಿ ಇಟ್ಕೋತಾನೆ, ಒಂದಿನ ಕಿಟಕೀಲಿ ಇಣುಕಿದ್ರೆ ಹಸಿರು ಮುಖದ ಗರಗಸ ಹಲ್ಲಿನ ಪಿಶಾಚಿ, ಮಂಚದ ಮೇಲೆ ಮನುಷ್ಯರ ಚರ್ಮ ಹಾಸಿ ಬ್ರಷ್ ಹಿಡಿದು ಬಣ್ಣ ಹಚ್ತಿದೆ, ಆಮೇಲೆ ಬಟ್ಟೆ ಕೊಡವೋ ಹಾಗೆ ಕೊಡವಿ ತೊಟ್ಕೊಂಡು ಹುಡುಗಿಯಾಗುತ್ತೆ. ಸಿನಿಮಾದವ್ರಿಗೆ ಇಷ್ಟೇ ಸಾಕು. ಆದ್ರೆ ಕಥೆಯ ಅರ್ಧ ಅದರ ನಂತರ ಇದೆ. ಪಿಶಾಚಿ ಇವನ ಎದೆ ಬಗೆದು ಹೃದಯ ತಗೊಂಡು ಹೋಗುತ್ತೆ, ಪಾಪ ಹೆಂಡ್ತಿ, ಅವಳು ಮೊದಲೇ ಬೇಡ ಕಳ್ಸಿಬಿಡಿ ಅಂದಿದ್ದವಳು, ಈಗ ಗಂಡನ್ನ ಬದುಕಿಸೋಕೆ ಸಂತೆ ಕಸದಲ್ಲಿ ಬಿದ್ದಿರೋ ಹುಚ್ಚ ಭಿಕ್ಷುಕನ ಹತ್ರ ಮಂಡಿಯೂರಿ ಹೋಗ್ಬೇಕು. ಅವನು ದೊಣ್ಣೇಲಿ ಹೊಡೀತಾನೆ, ಸುಮ್ನೆ ತಿಂತಾಳೆ. ಕೈ ತುಂಬ ಕಫ ಉಗಿದು ತಿನ್ನು ಅಂತಾನೆ. ಸುತ್ತ ಜನ ಗೋಡೆ ಥರ ನಿಂತು ನೋಡ್ತಿದಾರೆ. ನುಂಗಿದ್ಲು, ಗಂಟಲಲ್ಲಿ ಹತ್ತಿಯುಂಡೆ ಇಳಿದ ಹಾಗೆ, ಎದೇಲಿ ಸಿಕ್ಕೊಂಡು ನಿಂತ್ಕೊಳ್ತು. ಹುಚ್ಚ ನಗ್ತಾ ಎದ್ದು ಹೋಗಿ ಮಾಯ. ಮನೆಗೆ ಬಂದು, ರಕ್ತ ಕಂಡು ಬೇರೆಯವರೆಲ್ಲ ದೂರ ನಿಂತಾಗ, ಗಂಡನ ಕರುಳನ್ನ ತಾನೇ ಒಳಗೆ ಜೋಡಿಸ್ತಾ ಅಳ್ತಾ ಇರೋವಾಗ ಆ ಉಂಡೆ ವಾಂತಿಯಾಗಿ ತೆರೆದ ಎದೆಯೊಳಗೆ ಬೀಳುತ್ತೆ. ನೋಡಿದ್ರೆ ಮಿಡಿಯೋ ಹೃದಯ, ಬಿಸಿ ಹಬೆ ಬರ್ತಾ ಇದೆ. ಎರಡೂ ಕೈಲಿ ಎದೆ ಒತ್ತಿ ಹಿಡಿದು ರೇಷ್ಮೆ ಬಟ್ಟೆ ಕಟ್ಟಿದ್ಲು, ರಜಾಯಿ ಹೊದಿಸಿದ್ಲು, ಮಧ್ಯರಾತ್ರಿಗೆ ಮೂಗಲ್ಲಿ ಉಸಿರು. ಗಂಡ ಮಾಡಿದ ಸಾಲ ಹೆಂಡ್ತಿ ಸಂತೇಲಿ ನಿಂತು ತೀರಿಸಿದ್ದು ಅಂತ ನಾನು ಓದ್ಕೊಂಡೆ. ಹಸಿರು ಮುಖಕ್ಕಿಂತ ಆ ಸಂತೆಯ ದೃಶ್ಯ ನಂಗೆ ಹೆಚ್ಚು ದಿನ ಉಳೀತು.

ಆದ್ರೆ ನಾನು ನಿಜವಾಗ್ಲೂ ಹೆದರಿ ಎದ್ದು ಲೈಟ್ ಹಾಕಿದ್ದು ಬೇರೆ ಕಥೆಗೆ. ಯುವಾನ್ ಮೇ ಅಂತ, ಹದಿನೆಂಟನೇ ಶತಮಾನದ ಕವಿ, ಊಟಪ್ರಿಯ, ರಸಿಕ, ಅಡುಗೆ ಪುಸ್ತಕಾನೂ ಬರೆದಿದಾನೆ. ಅವನು ದೆವ್ವದ ಕಥೆಗಳಿಗೆ ಇಟ್ಟ ಹೆಸರು "ಗುರುಗಳು ಮಾತಾಡದ್ದು", ಕನ್ಫ್ಯೂಷಿಯಸ್ ಕಾಲೆಳೆದದ್ದು ಅದು. ಅದ್ರಲ್ಲಿ ನಾನ್‌ಚಾಂಗ್ ಊರಿನ ಇಬ್ರು ಓದೋ ಹುಡುಗ್ರು, ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು, ಒಂದು ದೇವಸ್ಥಾನದಲ್ಲಿ ಇದ್ಕೊಂಡು ಓದ್ತಿರ್ತಾರೆ, ಪ್ರಾಣ ಸ್ನೇಹಿತರು. ದೊಡ್ಡವನು ಊರಿಗೆ ಹೋದವನು ಅಲ್ಲೇ ತೀರ್ಕೊಳ್ತಾನೆ, ಚಿಕ್ಕವನಿಗೆ ಸುದ್ದಿ ಬಂದಿರಲ್ಲ. ರಾತ್ರಿ ಬಾಗಿಲು ತಳ್ಳಿ ದೊಡ್ಡವನು ಬಂದು ಮಂಚದ ಮೇಲೆ ಕೂತು ಬೆನ್ನು ತಟ್ಟಿ ಹೇಳ್ತಾನೆ, ನಾನು ನಿನ್ನ ಬಿಟ್ಟು ಹೋಗಿ ಹತ್ತು ದಿನಾನೂ ಆಗ್ಲಿಲ್ಲ, ಸತ್ತೋದೆ ಕಣೋ, ಈಗ ದೆವ್ವ, ಸ್ನೇಹ ಬಿಡೋಕಾಗದೆ ಹೇಳಿ ಹೋಗೋಣ ಅಂತ ಬಂದೆ. ಚಿಕ್ಕವನಿಗೆ ಮಾತೇ ಹೊರಡ್ಲಿಲ್ಲ. ಸತ್ತವನೇ ಸಮಾಧಾನ ಮಾಡ್ತಾನೆ, ಕೆಟ್ಟದ್ದು ಮಾಡೋನಾಗಿದ್ರೆ ನೇರ ಹೇಳ್ತಿದ್ನಾ, ಹೆದರ್ಬೇಡ. ಮನೇಲಿ ವಯಸ್ಸಾದ ತಾಯಿ, ಚಿಕ್ಕ ವಯಸ್ಸಿನ ಹೆಂಡ್ತಿ, ವರ್ಷಕ್ಕಿಷ್ಟು ಅಕ್ಕಿ ಕೊಟ್ಟು ನೋಡ್ಕೋ. ನಾನು ಬರೆದದ್ದು ಅಚ್ಚಾಗಿಲ್ಲ, ಅದನ್ನ ಅಚ್ಚು ಹಾಕ್ಸು. ಬ್ರಷ್ ಮಾರೋನಿಗೆ ಕೆಲವು ಸಾವಿರ ಕಾಸು ಬಾಕಿ ಇದೆ, ಅದನ್ನ ಕೊಟ್ಬಿಡು. ಒಂದೊಂದಕ್ಕೂ ಚಿಕ್ಕವನು ಆಯ್ತು ಆಯ್ತು ಅಂದ.

ಎಲ್ಲ ಮುಗೀತು, ಹಂಗಾದ್ರೆ ಹೊರಡ್ತೀನಿ ಅಂತ ಎದ್ದ. ಚಿಕ್ಕವನಿಗೆ ಇಷ್ಟು ಹೊತ್ತಿಗೆ ಭಯ ಹೋಗಿತ್ತು, ಕಣ್ಣಲ್ಲಿ ನೀರು, ಮತ್ತೆ ಸಿಗಲ್ವಲ್ಲ, ಇನ್ನೊಂಚೂರು ಕೂತ್ಕೋ ಅಂದ. ಕೂತ, ಹಳೇದೆಲ್ಲ ಮಾತಾಡಿದ್ರು. ಮತ್ತೆ ಹೊರಡ್ತೀನಿ ಅಂತ ಎದ್ದವನು ನಿಂತ್ಕೊಂಡ. ಹೋಗ್ಲಿಲ್ಲ. ಕಣ್ಣು ಪಿಳಿಪಿಳಿ ಇಲ್ದೆ ನೆಟ್ಟಿದೆ, ಮುಖ ನೋಡ್ತಾ ನೋಡ್ತಾ ಕೊಳೀತಾ ಬಂತು. ಚಿಕ್ಕವನು ಹೆದರಿ ಹೇಳೋದೆಲ್ಲ ಹೇಳಾಯ್ತಲ್ಲ, ಹೋಗು ಅಂದ. ಹೋಗ್ಲಿಲ್ಲ. ಮಂಚ ಬಡಿದು ಕೂಗಿದ. ನಿಂತೇ ಇದೆ. ಇವನು ಎದ್ದು ಓಡಿದ, ಅದೂ ಓಡ್ತು, ಇವನು ಜೋರಾಗಿ ಓಡಿದ್ರೆ ಅದೂ ಜೋರು. ಮೈಲಿಗಟ್ಲೆ ಓಡಿ ಒಂದು ಗೋಡೆ ಹಾರಿ ಆಚೆ ಬಿದ್ದ. ಹೆಣಕ್ಕೆ ಗೋಡೆ ಹಾರೋಕೆ ಬರ್ಲಿಲ್ಲ, ತಲೆ ಮಾತ್ರ ಈಚೆಗೆ ಜೋತುಬಿಟ್ಟು ನಿಂತಿತ್ತು, ಬಾಯಿಂದ ಜೊಲ್ಲು ಇವನ ಮುಖದ ಮೇಲೆ ತೊಟ್ಟಿಕ್ತಾ ಇತ್ತು, ಬೆಳಗಾಗೋವರೆಗೂ. ದಾರಿಹೋಕರು ಶುಂಠಿ ರಸ ಕುಡಿಸಿ ಎಚ್ಚರ ಮಾಡಿದ್ರು.

ಇದಕ್ಕೆ ಅವರ ವಿವರಣೆ, ಮನುಷ್ಯನಿಗೆ ಆತ್ಮ ಎರಡು, ಹುನ್ ಮತ್ತೆ ಪೋ. ಹುನ್ ಒಳ್ಳೇದು, ತಿಳುವಳಿಕೆ ಇರೋದು. ಪೋ ಮೈಗೆ ಅಂಟ್ಕೊಂಡಿರೋದು, ಕೆಟ್ಟದು, ದಡ್ಡ. ಮನಸ್ಸಲ್ಲಿದ್ದ ಬಾಕಿ ಎಲ್ಲ ತೀರೋವರೆಗೂ ಹುನ್ ಇತ್ತು, ಮೈ ಅದರ ಜೊತೆ ಬಂದಿತ್ತು. ತೀರಿದ ತಕ್ಷಣ ಹುನ್ ಹೊರಟುಹೋಯ್ತು, ನಿಂತಿದ್ದು ಬರೀ ಪೋ. ಹುನ್ ಇದ್ರೆ ಅದು ಅವನು, ಹೋದ್ರೆ ಅದು ಅವನಲ್ಲ.

ನಮ್ಮ ಕಡೆ ಯಾರಾದ್ರೂ ಹೋದ್ರೆ ಅಜ್ಜಿ "ಋಣ ತೀರ್ತು ಬಿಡು" ಅಂತಿದ್ರು, ಅದು ಸಮಾಧಾನದ ಮಾತು ಅಂತಲೇ ನಾನು ಅಂದ್ಕೊಂಡಿದ್ದೆ. ಈ ಕಥೆ ಓದಿದ್ಮೇಲೆ ಆ ಮಾತು ನಂಗೆ ಮೊದಲಿನ ಥರ ಕೇಳಿಸ್ತಾ ಇಲ್ಲ. ಜಿಚಾನ್ ಬಾಕಿ ತೀರಿಸಿ ದೆವ್ವ ಓಡಿಸ್ದ ಸರಿ, ಇಲ್ಲಿ ಯುವಾನ್ ಮೇ ಅದನ್ನ ತಿರುವಿ ಹಾಕಿದಾನೆ, ಅಮ್ಮನ ಅಕ್ಕಿ, ಅಚ್ಚಾಗದ ಪುಸ್ತಕ, ಬ್ರಷ್ ಮಾರೋನ ಬಾಕಿ, ಇವಿಷ್ಟು ಇರೋವರೆಗೆ ಮಾತ್ರ ಅವನು ಸ್ನೇಹಿತ. "ಇನ್ನೊಂಚೂರು ಕೂತ್ಕೋ" ಅಂದಿದ್ದು ತಪ್ಪಾಯ್ತು. ಯಾರು ತಾನೇ ಅನ್ನಲ್ಲ ಹೇಳಿ.

ಆಮೇಲೆ ಸಿನಿಮಾದಲ್ಲಿ ಕುಪ್ಪಳಿಸಿಕೊಂಡು ಬರುತ್ತಲ್ಲ, ಚೀನಾದ ಕೊನೇ ರಾಜವಂಶ ಚಿಂಗ್ ಕಾಲದ ಅಧಿಕಾರಿ ಡ್ರೆಸ್ಸು, ಹಣೆ ಮೇಲೆ ಹಳದಿ ಚೀಟಿ, ಚಾಚಿದ ಎರಡು ಕೈ, ಜಿಯಾಂಗ್‌ಶಿ, ಅದೂ ಈ ಪೋ ಜಾತಿದೇ. 1985ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಂದ ಮಿಸ್ಟರ್ ವ್ಯಾಂಪೈರ್ ಅದನ್ನ ಜೋಕರ್ ಮಾಡಿಬಿಡ್ತು, ಅಂಟಕ್ಕಿ ಎರಚಿದ್ರೆ ಓಡುತ್ತೆ, ಉಸಿರು ಬಿಗಿಹಿಡಿದ್ರೆ ನಿಮ್ಮನ್ನ ಕಾಣಲ್ಲ. ಮಜವಾಗಿದೆ. ಆದ್ರೆ ಅದರ ಬೇರಿರೋದು ಪಶ್ಚಿಮ ಹುನಾನ್ ಕಡೆಯ ಹೆಣ ನಡೆಸೋರ ಕಥೆಗಳಲ್ಲಿ, ದೂರದ ಊರಲ್ಲಿ ಸತ್ತ ಬಡವರನ್ನ ಮಂತ್ರ ಹಾಕಿ ರಾತ್ರಿ ಸಾಲಾಗಿ ನಡೆಸ್ಕೊಂಡು ಊರಿಗೆ ತರ್ತಿದ್ರು ಅಂತ. ಬಿದಿರು ಗಳಕ್ಕೆ ಹೆಣಗಳ ತೋಳು ಕಟ್ಟಿ ಹಿಂದೊಬ್ಬ ಮುಂದೊಬ್ಬ ಹೊತ್ರೆ ಗಳ ಬಳುಕಿ ಹೆಣ ಕುಪ್ಪಳಿಸಿದ ಹಾಗೆ ಕಾಣುತ್ತೆ ಅಂತ ಒಂದು ವಿವರಣೆ. ಅಲ್ಲೂ ವಿಷ್ಯ ಅದೇ. ಊರಿಗೆ ವಾಪಸ್ ಹೋಗ್ಬೇಕು.

ಎಲ್ರೂ ಹೆದರ್ತಿದ್ರು ಅಂತೇನಿಲ್ಲ. ಚಕ್ರವರ್ತಿಯ ಮಹಾ ಗ್ರಂಥಸಂಗ್ರಹಕ್ಕೆ ಮುಖ್ಯ ಸಂಪಾದಕನಾಗಿದ್ದ ಜಿ ಯುನ್ ಬಿಡುವಲ್ಲಿ ಸಾವಿರದ ಮೇಲೆ ಇಂಥ ಪ್ರಸಂಗ ಬರೆದಿಟ್ಟಿದಾನೆ, ಪು ಸುಂಗ್‌ಲಿಂಗ್ ಬಗ್ಗೆ ಅವನ ತಕರಾರು ಏನು ಗೊತ್ತಾ, ಗಂಡು ಹೆಣ್ಣು ಕೋಣೇಲಿ ಪಿಸುಗುಟ್ಟಿದ್ದೆಲ್ಲ ಬರೀತಾನಲ್ಲ, ಇವನಿಗೆ ಹೇಗೆ ಗೊತ್ತಾಯ್ತು ಅಂತ. ಎಡಿಟರ್ ಬುದ್ಧಿ. ಅವನ ಒಂದು ಪ್ರಸಂಗದಲ್ಲಿ ಚಾವ್ ಮನೆತನದೋನೊಬ್ಬ ದೆವ್ವ ಇರೋ ಕೋಣೇಲೇ ಮಲಗ್ತೀನಿ ಅಂತ ಹಠ ಹಿಡೀತಾನೆ, ರಾತ್ರಿ ಬಾಗಿಲ ಸಂದಿಂದ ಕಾಗದದಷ್ಟು ತೆಳ್ಳಗೆ ಏನೋ ತೂರಿ ಬಂದು ಹೆಂಗಸಾಗಿ, ಕೂದ್ಲು ಕೆದರಿ ನಾಲಿಗೆ ಚಾಚಿ ನಿಲ್ಲುತ್ತೆ. ಇವನು ನಗ್ತಾ ಹೇಳ್ತಾನೆ, ಕೂದಲೇ ತಾನೇ, ಒಂಚೂರು ಕೆದರಿದೆ, ನಾಲಿಗೇನೇ ತಾನೇ, ಒಂಚೂರು ಉದ್ದ ಇದೆ. ಅದು ತಲೆ ಕಿತ್ತು ಮೇಜಿನ ಮೇಲಿಟ್ಟಿತು. ತಲೆ ಇದ್ದಾಗಲೇ ಹೆದರ್ಲಿಲ್ಲ, ಇಲ್ದಿದ್ರೆ ಹೆದರ್ತೀನಾ ಅಂದ. ದೆವ್ವದ ಸ್ಟಾಕ್ ಮುಗೀತು, ಮಾಯ ಆಯ್ತು. ವಾಪಸ್ ಬರೋವಾಗ ಅದೇ ಕೋಣೇಲಿ ಮಲಗಿದ್ರೆ ಮತ್ತೆ ಸಂದಿಂದ ತಲೆ ಹಾಕ್ತು, ಅಯ್ಯೋ ಮತ್ತೆ ಈ ಬೋರು ಬಂತಾ ಅಂದ. ಒಳಗೆ ಬರ್ಲೇ ಇಲ್ವಂತೆ.

ಈ ಥರದ ಕಥೆಗಳನ್ನೇ ಆರಿಸಿ 1961ರಲ್ಲಿ ಬೀಜಿಂಗ್‌ನಲ್ಲಿ "ದೆವ್ವಕ್ಕೆ ಹೆದರದವರ ಕಥೆಗಳು" ಅಂತ ಪುಸ್ತಕ ತಂದ್ರು, ಅದರ ಮುನ್ನುಡಿಯನ್ನ ಮಾವೋ ಸ್ವತಃ ತಿದ್ದಿದ್ದ, ಅಲ್ಲಿ ದೆವ್ವ ಅಂದ್ರೆ ಸಾಮ್ರಾಜ್ಯಶಾಹಿಗಳು, ಪರಿಷ್ಕರಣವಾದಿಗಳು ಇತ್ಯಾದಿ. ಎರಡೇ ವರ್ಷಕ್ಕೆ, 1963ರಲ್ಲಿ, ರಂಗದ ಮೇಲೆ ದೆವ್ವದ ನಾಟಕಾನೇ ಆಡಬಾರ್ದು ಅಂತಾಯ್ತು. ಈಗಲೂ ಮೇನ್‌ಲ್ಯಾಂಡ್ ಚೀನಾದ ಸಿನಿಮಾದಲ್ಲಿ ದೆವ್ವ ನಿಜವಾಗ್ಲೂ ಇದೆ ಅಂತ ತೋರಿಸೋದು ಕಷ್ಟ, ಕೊನೇ ಹತ್ತು ನಿಮಿಷದಲ್ಲಿ ಅದು ಕನಸು, ಇಲ್ಲ ಹುಚ್ಚು, ಇಲ್ಲ ಯಾರೋ ಮಾಡಿದ ಮೋಸ ಅಂತ ಆಗ್ಬೇಕು. ಅದಕ್ಕೇ ಅಲ್ಲಿನ ನೆಟ್ಟಿಗರು ಒಂದು ಜೋಕ್ ಮಾಡ್ಕೊಂಡಿದಾರೆ, ಗಣರಾಜ್ಯ ಸ್ಥಾಪನೆ ಆದ್ಮೇಲೆ ಯಾವ ಪ್ರಾಣಿಗೂ ಮಾಯಾರೂಪ ತಾಳೋಕೆ ಪರ್ಮಿಷನ್ ಇಲ್ಲ, ಅಂದ್ರೆ ನರಿ ಹುಡುಗಿ ಆಗ್ಬೇಕಂದ್ರೆ 1949ಕ್ಕೆ ಮುಂಚೆ ಆಗಿರ್ಬೇಕು.

ತೆರೆ ಮೇಲೆ ಕಟ್ಟು ಬಿದ್ರೂ ಭಯ ಇಂಟರ್ನೆಟ್ಟಲ್ಲಿ ಬೇರೆ ದಾರಿ ಹುಡುಕ್ತು. 2006ರ ಹೊತ್ತಿಗೆ ಗೋರಿ ಕದಿಯೋರ ಆನ್‌ಲೈನ್ ಕಾದಂಬರಿಗಳು ಭಾರಿ ಓಡಿದ್ವು, ಅದ್ರಲ್ಲಿ ಒಂದು ನಿಯಮ, ಗೋರಿ ಒಳಗೆ ಹೋದ ತಕ್ಷಣ ಆಗ್ನೇಯ ಮೂಲೇಲಿ ಮೇಣದಬತ್ತಿ ಹಚ್ಬೇಕು, ಅದು ಆರಿದ್ರೆ ಮುಟ್ಟಿದ್ದನ್ನೆಲ್ಲ ಇದ್ದಲ್ಲೇ ಇಟ್ಟು ನಮಸ್ಕಾರ ಮಾಡಿ ವಾಪಸ್ ಬರ್ಬೇಕು. ಕಳ್ಳನಿಗೂ ಹೆಣಕ್ಕೂ ಅಗ್ರಿಮೆಂಟು. ಈಚೆಗೆ "ಚೀನೀ ಶೈಲಿಯ ಭಯ" ಅಂತ ಒಂದು ಪದಾನೇ ಚಾಲ್ತಿಗೆ ಬಂದಿದೆ, ಕೆಂಪು ಮದುವೆ ಬಟ್ಟೆ, ಕಸೂತಿ ಚಪ್ಪಲಿ, ಸತ್ತವರಿಗೆ ಸುಡೋ ಕಾಗದದ ಬೊಂಬೆ, ಆ ಬೊಂಬೆಗೆ ಕಣ್ಣು ಮಾತ್ರ ಬರೀಬಾರ್ದು. ಗಮನಿಸಿ, ಇವೆಲ್ಲ ಮದುವೆ ಮನೆ ಸಾವಿನ ಮನೆ ಸಾಮಾನುಗಳೇ. ತೈವಾನ್ ಕಡೆ ದಾರೀಲಿ ಬಿದ್ದ ಕೆಂಪು ಲಕೋಟೆ ಗಂಡಸರು ಎತ್ಕೋಬಾರ್ದು ಅಂತಾರೆ, ಮದುವೆಯಾಗದೆ ಸತ್ತ ಮಗಳಿಗೆ ವರ ಹುಡುಕೋಕೆ ಮನೆಯವರು ಇಟ್ಟಿರ್ತಾರೆ, ಎತ್ಕೊಂಡವನೇ ಅಳಿಯ. ಭಯ ಅಂತೀರೋ, ಆ ಅಪ್ಪ ಅಮ್ಮ ಪೊದೆ ಹಿಂದೆ ಕಾದು ಕೂತಿರೋದನ್ನ ನೆನೆಸ್ಕೊಂಡ್ರೆ ಹೊಟ್ಟೆ ಚುರ್ ಅನ್ನುತ್ತೆ ಅಂತೀರೋ, ನನಗಂತೂ ಗೊತ್ತಾಗಲ್ಲ.

ಮೂರು ವರ್ಷ ಆದ್ಮೇಲೆ ಅಲ್ಲಿಂದ ವಾಪಸ್ ಬರೋ ಮುಂಚೆ ಮತ್ತೆ ಏಳನೇ ತಿಂಗಳು ಬಂತು. ಆ ಹೊತ್ತಿಗೆ ಆಂಟಿಗೆ ನನ್ನ ಪರಿಚಯ ಚೆನ್ನಾಗಿತ್ತು, ಲಿಫ್ಟ್ ಕೆಟ್ಟಾಗ ಅಕ್ಕಿ ಚೀಲ ಎತ್ಕೊಟ್ಟಿದ್ದೆ. ಡ್ರಮ್ಮಿನ ಹತ್ರ ನಿಂತಿದ್ರು, ಪಕ್ಕದಲ್ಲಿ ಕಾಗದದ್ದು ಎರಡು ಗುಡ್ಡೆ. ಒಂದು ಗಂಡನಿಗೆ, ಒಂದು ಯಾರೂ ಇಲ್ದವರಿಗೆ. ಕೊಡದಿದ್ರೆ ಅವ್ರು ಗಂಡನ ಕೈಯಿಂದ ಕಿತ್ಕೋತಾರೆ ಅಂತ ಕಾರಣ ಹೇಳಿದ್ರು. ನಮ್ಮಪ್ಪ ಮಹಾಲಯ ಅಮಾವಾಸ್ಯೆ ದಿನ ತರ್ಪಣ ಬಿಡೋವಾಗ ಕೊನೇಲಿ ತಂದೆ ತಾಯಿ ಬಂಧು ಯಾರೂ ಇಲ್ದವರಿಗೆ ಅಂತ ಒಂದು ಸಲ ನೀರು ಬಿಡ್ತಾರೆ, ಅದನ್ನ ಹೇಳಿದೆ. ಹಾಂ, ಹಂಗೇ ಮಾಡ್ಬೇಕು ಅಂದ್ರು, ದೊಡ್ಡ ವಿಷಯ ಏನಲ್ಲ ಅನ್ನೋ ಥರ.

ಯಾರೂ ಇಲ್ದವರ ಗುಡ್ಡೇಲಿ ಹೆಲ್ ಬ್ಯಾಂಕ್ ನೋಟುಗಳು, ಅಂದ್ರೆ ಸತ್ತವರಿಗೆ ಮುಟ್ಲಿ ಅಂತ ಸುಡೋ ಕಾಗದದ ದುಡ್ಡು, ಒಂದೊಂದ್ರಲ್ಲೂ ಎಣಿಸೋಕಾಗದಷ್ಟು ಸೊನ್ನೆ. ಗಂಡನ ಗುಡ್ಡೇಲಿ ಅದರ ಜೊತೆ ಹಳೇ ಥರದ್ದು ಸಣ್ಣ ನೋಟು ಬೇರೆ ಕಟ್ಟು ಇತ್ತು. ಇದು ಯಾಕೆ ಅಂತ ಕೇಳ್ದೆ. ಆಂಟಿ ಕಡ್ಡೀಲಿ ಬೂದಿ ಕೆದಕ್ತಾ, ಬರೀ ದೊಡ್ಡ ನೋಟು ಕಳ್ಸಿದ್ರೆ ಬೆಳಿಗ್ಗೆ ಎದ್ದು ಕಾಫಿ ಅಂಗಡಿಗೆ ಹೋದಾಗ ಚಿಲ್ರೆಗೇನು ಮಾಡ್ತಾರೆ, ಮೊದಲೇ ಅಂಗಡಿಯವರ ಜೊತೆ ಜಗಳ ಆಡೋ ಸ್ವಭಾವ ಅವ್ರದು ಅಂದ್ರು.